ಬಿಳಿ ಚೀಟಿಯ ಸಾಲು

"ಏನೂ ವ್ಯತ್ಯಾಸ ಕಾಣ್ತಿಲ್ಲ ಸರ್. ಔಷಧ ಕುಡಿದ ಇಲಿಗಳೂ ಸತ್ತವು, ಬರೀ ನೀರು ಕುಡಿದವೂ ಸತ್ತವು. ಈ ಔಷಧಾನ ಇಲ್ಲಿಗೇ ಬಿಟ್ಬಿಡೋಣ."

ಡಾಕ್ಟರ್ ವೇದಾ ಫೋನಿನಲ್ಲಿ ಹೇಳುತ್ತಿದ್ದ ಮಾತು, ಬಾಗಿಲ ಬಳಿ ನೆಲ ಒರೆಸುತ್ತಿದ್ದ ಜಟ್ಟೆಮ್ಮನ ಕಿವಿಗೆ ಬಿತ್ತು. ಒದ್ದೆ ಬಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತುಬಿಟ್ಟಳು.

ಇಂದಿರಾನಗರದ ಹಿಂದಿನ ಬೀದಿಯ ಆ ಪ್ರಯೋಗಶಾಲೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಊರು ಯಾದಗಿರಿ ಕಡೆ. ಬಾಡಿಗೆ ಕೋಣೆ ಬೈಯಪ್ಪನಹಳ್ಳಿ ರೈಲ್ವೆ ಗೇಟಿನಾಚೆ. ಮನೆಯಲ್ಲಿ ಇಲಿ ಕಂಡರೆ ಪೊರಕೆ ಹಿಡಿದು ಅಟ್ಟುವ ಹೆಂಗಸು, ಇಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅದೇ ಇಲಿಗೆ ಹೊಟ್ಟಿನ ಹಾಸಿಗೆ ಬದಲಿಸುತ್ತಾಳೆ, ನೀರಿಡುತ್ತಾಳೆ. "ಇಲಿ ಬಾಣಂತನ ಮಾಡೀದಿ ಬಾ" ಎಂದು ವಠಾರದ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ, ನಗುವವರ ಬಾಯಿಗೆ ಬೀಗವೇ?

ಅವು ಬೇರೆ ಜಾತಿಯ ಇಲಿಗಳು. ಮೈಮೇಲೆ ಒಂದು ಕೂದಲಿಲ್ಲ, ಎಳೇ ಗುಲಾಬಿ ಚರ್ಮ. ಕ್ಯಾನ್ಸರ್ ಆದ ಯಾವುದೋ ಮಗುವಿನ ಗೆಡ್ಡೆಯ ಚೂರನ್ನು ಅವುಗಳ ಪಕ್ಕೆಯಲ್ಲಿ ಬೆಳೆಸುತ್ತಾರೆ ಎಂದು ವೇದಾ ಮೊದಲ ದಿನವೇ ಹೇಳಿದ್ದಳು. ಜಟ್ಟೆಮ್ಮನಿಗೆ ತನ್ನ ಕೂಸು ನೆನಪಾಗಿತ್ತು. ಹಿಂದಿನ ವರ್ಷ, ಎರಡು ಸಾವಿರನೇ ಇಸವಿಯ ದೀಪಾವಳಿಗೆ ಎಂಟು ದಿನ ಮುಂಚೆ, ಆರು ವರ್ಷದ ಮೊಮ್ಮಗಳು ಜಯಮಾಲಾ ಇದೇ ರೋಗದಲ್ಲಿ ತೀರಿಕೊಂಡಿದ್ದಳು. ಅವಳ ತಲೆಯೂ ಹೀಗೇ ನುಣ್ಣಗಾಗಿತ್ತು. ಕೊನೆಗೆ ಡಾಕ್ಟರರು ಇನ್ನು ಪ್ರಯೋಜನವಿಲ್ಲ ಎಂದು ಔಷಧ ನಿಲ್ಲಿಸಿದರು. ಕೂಸು ಪಕ್ಕದ ಮಂಚದ ಮಗುವಿಗೆ ಹಾಕಿದ್ದ ಡ್ರಿಪ್ಪನ್ನೇ ನೋಡುತ್ತಾ, "ಆಯೀ, ನನಗ ಇಲ್ಲೇನು?" ಎಂದಿತ್ತು. ಜಟ್ಟೆಮ್ಮ ಸಕ್ಕರೆ ನೀರು ಕಲಸಿ, "ಔಷಧ ಅದ, ಕುಡಿ" ಎಂದು ಕುಡಿಸಿದ್ದಳು.

ಹೀಗಿರುವಾಗ ಇಲ್ಲಿ ಇಪ್ಪತ್ತು ಇಲಿ, ಎರಡು ಸಾಲು. ಮೇಲಿನ ಸಾಲಿನ ಪಂಜರಗಳಿಗೆ ನೀಲಿ ಚೀಟಿ, ಸೀಸೆಯಲ್ಲಿ ಔಷಧ ಬೆರೆಸಿದ ನೀರು. ಕೆಳಗಿನ ಸಾಲಿಗೆ ಬಿಳಿ ಚೀಟಿ, ಬರೀ ನೀರು. ಊರ ಮಠದ ದಾಸೋಹದಲ್ಲಿ ಹುಗ್ಗಿ ಬಡಿಸಿದ ಕೈ ಅವಳದು. ಪಂಕ್ತಿಯಲ್ಲಿ ಕೂತ ಒಬ್ಬರಿಗೆ ಹುಗ್ಗಿ, ಪಕ್ಕದವರಿಗೆ ಗಂಜಿ ಬಡಿಸಿದರೆ ಬಡಿಸಿದವರಿಗೇ ಪಾಪ ಎಂದು ಕೇಳಿ ಬೆಳೆದವಳು. ಎರಡು ದಿನ ಸಹಿಸಿದಳು. ಮೂರನೆಯ ದಿನ ಯಾರೂ ಇಲ್ಲದ್ದು ನೋಡಿ, ಮೇಲಿನ ಸಾಲಿನ ಔಷಧದಲ್ಲಿ ಅರ್ಧವನ್ನು ಕೆಳಗಿನ ಸೀಸೆಗಳಿಗೆ ಸುರಿದು, ಕುದಿಸಿ ಆರಿಸಿದ ನೀರಿನಿಂದ ಎರಡನ್ನೂ ತುಂಬಿಸಿಟ್ಟಳು. ಆಮೇಲೆ ದಿನವೂ ಅದೇ. ಪಾಪ ಅನ್ನಬೇಕೋ, ಪೆದ್ದು ಅನ್ನಬೇಕೋ!

ವೇದಾ ಫೋನಿಟ್ಟಳು. ಜಟ್ಟೆಮ್ಮ ಒಳಗೆ ಹೋಗಿ ನಿಂತಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಗೊತ್ತಿತ್ತು. ಬಿಡದಿದ್ದರೆ ಔಷಧ ಹೋಗುತ್ತದೆ.

"ಮೇಡಂ, ಔಷಧದ್ದು ತಪ್ಪಿಲ್ರಿ. ತಪ್ಪು ನಂದು. ಅರ್ಧಾ ಔಷಧ ಕೆಳಗಿನವಕ್ಕ ಹಂಚೀನ್ರಿ."

"ಏನಂದ್ರಿ? ಎಷ್ಟು ದಿನ?"

"ದಿನಾ ರೀ. ಒಂದಕ್ಕ ಕೊಟ್ಟು ಒಂದಕ್ಕ ಬಿಡಾಕ ಮನಸ್ಸು ಬರಲಿಲ್ರಿ."

ವೇದಾಳ ಮುಖ ಕೆಂಪಾಯಿತು. "ಮೂರು ತಿಂಗಳು ಜಟ್ಟೆಮ್ಮ! ಅರ್ಧ ಔಷಧ ಯಾವುದನ್ನ ಉಳಿಸುತ್ತೆ? ಮೇಲಿನವಕ್ಕೂ ಸಾಲ್ಲಿಲ್ಲ, ಕೆಳಗಿನವಕ್ಕೂ ಸಾಲ್ಲಿಲ್ಲ. ಇಪ್ಪತ್ತೂ ಸುಮ್ಸುಮ್ನೆ ಸತ್ತವು. ನೀವು ಇವತ್ತು ಬಾಯಿ ಬಿಡ್ದೇ ಇದ್ದಿದ್ರೆ ಈ ಔಷಧ ಕಸಕ್ಕೆ ಹೋಗ್ತಿತ್ತು, ಯಾವ ಮಗುಗೂ ಸಿಗ್ತಿರ್ಲಿಲ್ಲ. ಬರೀ ನೀರು ಕುಡಿದವು ಏನಾಗ್ತವೆ ಅಂತ ನೋಡಿದ್ರೆ ತಾನೆ, ಔಷಧದಿಂದಲೇ ಬದುಕಿದ್ವು ಅಂತ ಹೇಳೋಕಾಗೋದು?"

ಸುಮ್ಸುಮ್ನೆ ಸತ್ತವು. ಉಳಿಸಲು ಹೋದ ಕೈಯೇ ಕೊಂದಿತ್ತು. ಜಟ್ಟೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ವೇದಾ ಸಮಾಧಾನ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು.

ಮೇಲಧಿಕಾರಿಗಳು ಬೈದರು, ಕೆಲಸದಿಂದ ತೆಗೆಯಿರಿ ಎಂದರು. ವೇದಾ ಏನು ಹೇಳಿ ಒಪ್ಪಿಸಿದಳೋ, ಜಟ್ಟೆಮ್ಮ ಉಳಿದಳು. ತಿಂಗಳ ನಂತರ ಹೊಸ ಇಲಿಗಳು ಬಂದವು. ಮತ್ತೆ ಹತ್ತು ನೀಲಿ ಚೀಟಿ, ಹತ್ತು ಬಿಳಿ.

"ಕೆಳಗಿನ ಸಾಲಿಗೆ ಬೇರೆಯವರನ್ನ ಹಾಕ್ತೀನಿ," ಎಂದಳು ವೇದಾ. "ನಿಮಗೆ ಕಷ್ಟ ಆಗುತ್ತೆ."

"ಬ್ಯಾಡ್ರಿ. ಅವು ಗುರುತಿಲ್ಲದವರ ಕೈಯಾಗ ಯಾಕ ಸಾಯಬೇಕು? ನಾನೇ ಇಡ್ತೀನ್ರಿ."

"ಮತ್ತೆ ಹಂಚಲ್ಲ ತಾನೆ?"

ಜಟ್ಟೆಮ್ಮ ಇಲ್ಲವೆಂದು ತಲೆಯಲ್ಲಾಡಿಸಿದಳು. ಮೇಲಿನ ಸಾಲಿಗೆ ಔಷಧದ ಸೀಸೆಗಳನ್ನು ಇಟ್ಟು, ಒಂದು ಹನಿಯೂ ಚೆಲ್ಲದಂತೆ ಎರಡೆರಡು ಸಲ ನೋಡಿದಳು. ಆಮೇಲೆ ಮಂಡಿಯೂರಿ ಕೆಳಗಿನ ಸಾಲಿಗೆ ಬಂದಳು. ಮೊದಲ ಪಂಜರಕ್ಕೆ ಸೀಸೆ ಸಿಕ್ಕಿಸುತ್ತಲೇ ಕೂದಲಿಲ್ಲದ ಪುಟ್ಟ ಇಲಿ ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಕೊಳವೆ ಹಿಡಿದು ಆಸೆಯಿಂದ ಕುಡಿಯತೊಡಗಿತು.

"ಬರೀ ನೀರು ಅದ, ನನ್ನ ಕೂಸ," ಎಂದಳು ಜಟ್ಟೆಮ್ಮ.

ಅದು ಕುಡಿದು ಮುಗಿಸುವವರೆಗೂ ಅಲ್ಲೇ ಕೂತಿದ್ದು, ಎರಡನೆಯ ಸೀಸೆಯನ್ನು ಕೈಗೆತ್ತಿಕೊಂಡಳು.