ಕೊನೆಯ ಸಾಲು

“ಗಂಡನ ಗೋರಿ ಮಣ್ಣು ಇನ್ನೂ ಹಸಿಯಾಗೈತೆ, ಇವಳಿಗೆ ಸ್ಟೇಷನ್ ಮೆಟ್ಟಿಲು ಹತ್ತೋ ಆಸೆ. ರಾಂಡ್ ಆದ್ಮೇಲೂ ಕೊಬ್ಬು ಇಳಿದಿಲ್ಲ ನೋಡು.”

ಬಾಗಿಲ ಪರದೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಜಿ ಬಾಸಿತ್ ಸಾಬರು ಹೇಳುತ್ತಿದ್ದರು. ಮಾತು ಅತ್ತೆ ಖಾದರ್‌ಬೀಗೆ. ಕೇಳಬೇಕಾದವಳು ಪರದೆಯೊಳಗಿದ್ದ ಸೊಸೆ ಮುಬೀನ್‌ತಾಜ್. ಶಿಡ್ಲಘಟ್ಟದ ಆ ಮೊಹಲ್ಲಾದಲ್ಲಿ ಮಸೀದಿ ಕಮಿಟಿಗೆ ಅಧ್ಯಕ್ಷರೂ ಅವರೇ, ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಯಜಮಾನರೂ ಅವರೇ. ಆ ಕಾರ್ಖಾನೆಯ ಬಾಯ್ಲರ್ ಸಿಡಿದು ಮುಬೀನ್‌ಳ ಗಂಡ ಇನಾಯತ್ ಬೆಂದು ಸತ್ತ. ಅವಳು ಆಸ್ಪತ್ರೆಯಲ್ಲಿ ಅವನ ಹಾಸಿಗೆ ಪಕ್ಕ ಕೂತಿದ್ದಾಗ, ಮನೆಯಲ್ಲಿ ಸೀಮೆಎಣ್ಣೆ ಸ್ಟವ್ ಸಿಡಿಯಿತೆಂದು ಹಾಜಿಗಳು ಪೊಲೀಸರಿಗೆ ಬರೆಸಿ, ಖಾದರ್‌ಬೀಯ ಹೆಬ್ಬೆಟ್ಟು ಒತ್ತಿಸಿದ್ದರು. ಆ ಮನೆ ಸೀಮೆಎಣ್ಣೆ ಕಂಡು ಎಷ್ಟೋ ವರ್ಷವಾಗಿತ್ತು.

“ಇದ್ದತ್ ಮುಗಿಯೋವರ್ಗೂ ಹೊಸ್ತಿಲು ದಾಟಕೂಡದು. ನಾಲ್ಕು ತಿಂಗಳು ಹತ್ತು ದಿನ. ನನ್ನ ಹುಕುಂ ಅಲ್ಲ, ದೀನಿನ ಹುಕುಂ, ಧರ್ಮದ್ದು. ಸಬ್ರ್ ಮಾಡಮ್ಮ, ತಾಳ್ಕೋ. ಈ ಕಾಲದಲ್ಲಿ ನಮ್ಮ ಕೌಮ್ ಮೇಲೆ ಎಲ್ಲರ ಕಣ್ಣೂ ಐತೆ. ನಮ್ಮೋಳೇ ಹೋಗಿ ಖಾಕಿಯೋರ ಮುಂದೆ ನಮ್ಮ ಮಾನ ಹರಾಜು ಹಾಕ್ಬೇಕಾ?”

“ಹರಾಜಿಗೆ ಬರೋದು ನಿಮ್ಮ ಮಾನ, ಕೌಮ್‌ದಲ್ಲ,” ಎಂದಳು ಮುಬೀನ್ ಒಳಗಿನಿಂದ.

“ಕೇಳಿದೇನಮ್ಮ ನಿನ್ ಸೊಸೆ ಮಾತು? ಮುರುಗಮಲ್ಲದ ದರ್ಗಾ ಮುಂದೆ ಹೂ ಮಾರೋನ ಮಗಳು. ಅವ್ನು ಎಂಎ ರಾಜ್ಯಶಾಸ್ತ್ರ ಓದಿಸ್ದ, ಇವಳು ನಮಗೇ ಪಾಠ ಹೇಳೋಕೆ ಬಂದೌಳೆ.”

ಮುಬೀನ್‌ಗೆ ಅಳು ಬರಲಿಲ್ಲ. ಗಂಡ ಸತ್ತ ದಿನವೂ ಬಂದಿರಲಿಲ್ಲ. ಧರ್ಮ ಮತ್ತು ಪ್ರಭುತ್ವ ಎಂದು ಕಾಲೇಜಿನಲ್ಲಿ ಒಂದು ಉದ್ದದ ಪಾಠ ಓದಿದ್ದಳು. ಇಲ್ಲಿ ಅದು ಒಂದು ಬಾಗಿಲಷ್ಟೇ ಇತ್ತು. ದೀನ್ ಪರದೆಯ ಒಳಗೆ, ಇನಾಯತ್‌ನ ನಮಾಜಿನ ಚಾಪೆಯ ಮೇಲಿತ್ತು. ಪ್ರಭುತ್ವ ಹೊರಗೆ ಕುರ್ಚಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿತ್ತು. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಆ ಕುರ್ಚಿಗೇ ಕೈಮುಗಿಯುತ್ತಿದ್ದರು. ಮೊಹಲ್ಲಾದ ವೋಟು ಆ ಜುಬ್ಬಾದ ಜೇಬಿನಲ್ಲಿತ್ತು.

ಜುಮ್ಮಾ ನಮಾಜಿಗೆ ಒಂದು ಸಲವಾದರೂ ಮೊದಲ ಸಾಲಿನಲ್ಲಿ ನಿಲ್ಲಬೇಕೆಂಬುದು ಇನಾಯತ್‌ನ ಆಸೆಯಾಗಿತ್ತು. ಹೋದ ವರ್ಷ ಒಂದು ಶುಕ್ರವಾರ ಬೇಗ ಹೋಗಿ ನಿಂತೂ ನಿಂತ. ಬೆಂದ ರೇಷ್ಮೆಹುಳದ ನಾತ ಎಷ್ಟು ಉಜ್ಜಿದರೂ ಚರ್ಮ ಬಿಡುವುದಿಲ್ಲ. ಹಾಜಿಗಳು ಅತ್ತರಿನ ಕರವಸ್ತ್ರ ಮೂಗಿಗೆ ಹಿಡಿದು, “ಲೇ, ಹುಳ ನಾರ್ತೀಯ. ಹಿಂದಕ್ಕೆ ಹೋಗೋ” ಎಂದರು. ಅವರನ್ನು ಹಜ್ಜಿಗೆ ಕಳಿಸಿದ್ದೂ ಆ ನಾತವೇ.

ಇನಾಯತ್ ಮನೆಗೆ ಬಂದು ನಕ್ಕ. “ಅಲ್ಲಾನ ಮುಂದೆ ಎಲ್ಲ ಸಾಲೂ ಒಂದೇ ಕಣೇ. ಫ್ಯಾನು ಮಾತ್ರ ಮುಂದಿನೋರಿಗೆ.”

ಆವತ್ತು ಅವನು ಊಟ ಮಾಡಲಿಲ್ಲ.

ಗುರುವಾರ ಸಂಜೆ ಹಿತ್ತಿಲ ಬಾಗಿಲಿಗೆ ಅಮ್ಮಾಜಮ್ಮ ಬಂದಳು. ಊರಾಚೆ ಕಾಲನಿಯವಳು, ಅದೇ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ಬೇಯಿಸಿ ಬೆರಳೆಲ್ಲ ಬಿಳಿಚಿಹೋಗಿದ್ದವು.

“ಅಮ್ಮಾ, ಆ ಬೋಳಿಮಗ ಬಾಯ್ಲರ್‌ನ ಗುಜರಿಗೆ ಹಾಕ್ತಾವ್ನೆ. ನಾಳೆ ಮಧ್ಯಾಹ್ನ, ನಿಮ್ಮೋರೆಲ್ಲ ನಮಾಜಿಗೆ ಹೋದಾಗ ಟೆಂಪೋ ಬತ್ತದೆ. ಚಿಂತಾಮಣಿಗೆ ಹೋಗಿ ಚೂರು ಮಾಡುದ್ರೆ ಮುಗೀತು, ಆಮ್ಯಾಕೆ ಏನೈತೆ ನಮ್ ತಾವ ತೋರ್ಸಕ್ಕೆ?”

“ಆವಿ ಬಿಡೋ ವಾಲ್ವು ಹಂಗೇ ಐತಾ?”

“ಐತೆ. ಅವ್ನು ಬಿಗಿಸಿದ್ ತಂತೀನೂ ಐತೆ. ಆವಿ ಹೊರಕ್ ಹೋದ್ರೆ ಸೌದೆ ದಂಡ ಅಂದ. ಬ್ಯಾಡ ಸಾಬ್, ಸಿಡೀತದೆ ಅಂತ ನಿನ್ ಗಂಡ ಎಷ್ಟ್ ಬಡ್ಕೊಂಡ. ‘ಕಟ್ಟೋ ಸೂಳೆಮಗನೆ’ ಅಂದ. ನನ್ ಕಿವೀಲೇ ಕೇಳಿವ್ನಿ.”

ಮರುದಿನ ಮುಬೀನ್ ಬುರ್ಖಾ ತೊಟ್ಟಾಗ ಖಾದರ್‌ಬೀ ಬಾಗಿಲಿಗೆ ಅಡ್ಡ ನಿಂತಳು. “ಬೇಡಮ್ಮ. ನೀನು ಹೊಸ್ತಿಲು ದಾಟಿದ್ರೆ ಗೋರಿಯಲ್ಲಿ ನನ್ ಮಗಂಗೆ ಸಂಕಟ.”

“ಅಮ್ಮೀ, ಯುದ್ಧದಲ್ಲಿ ಗಂಡಂದಿರನ್ನ ಕಳ್ಕೊಂಡ ಹೆಂಗಸರು ಪೈಗಂಬರ್ ರಸೂಲರ ಹತ್ರ ಹೋದ್ರಂತೆ, ಒಬ್ಬೊಬ್ಬರೇ ಕೂತಿರಕ್ಕೆ ಆಗ್ತಿಲ್ಲ ಅಂತ. ಹಗಲೆಲ್ಲ ಒಟ್ಟಿಗೆ ಸೇರಿ, ಮಲಗೋಕೆ ಮಾತ್ರ ನಿಮ್ಮ ನಿಮ್ಮ ಮನೆಗೆ ಹೋಗಿ ಅಂದ್ರಂತೆ. ನಮ್ಮ ಅಬ್ಬಾ ಹೂ ಕಟ್ತಾ ಹೇಳ್ತಿದ್ದ ಕಥೆ. ನಾನೂ ಹಗಲೇ ಹೋಗಿ ಹಗಲೇ ಬರ್ತೀನಿ.”

ಖಾದರ್‌ಬೀ ತನ್ನ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜಿದಳು. ಮಸಿ ಯಾವತ್ತೋ ಹೋಗಿತ್ತು. ಮತ್ತೆ ಉಜ್ಜಿದಳು. ಆಮೇಲೆ ಬಾಗಿಲಿನಿಂದ ಸರಿದಳು.

ಮಸೀದಿ ಮೈಕಿನಲ್ಲಿ ಖುತ್ಬಾ ಪ್ರವಚನ ಕೇಳಿಸುತ್ತಿದ್ದಾಗ ಬಾಯ್ಲರ್ ಹೊತ್ತ ಟೆಂಪೋ ಕಾರ್ಖಾನೆಯ ಗೇಟಿಗೆ ಬಂತು. ಮುಬೀನ್ ಅದರ ಮೂತಿಗೆ ಎದುರಾಗಿ ನಿಂತಳು. ಹಿಂದೆ ನೂಲು ಬಿಚ್ಚುವ ಹೆಂಗಸರು.

“ಅಕ್ಕಾ, ಸೈಡಿಗ್ ಬಾ. ಬಾಡಿಗೆ ಗಾಡಿ, ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ,” ಎಂದ ಡ್ರೈವರ್ ಮುನೇಶ್.

ಅಮ್ಮಾಜಮ್ಮ ಬಾಗಿಲು ತೆಗೆದು ಅವನ ಪಕ್ಕ ಹತ್ತಿ ಕೂತಳು. “ಬಾಯ್ ಮುಚ್ಕೊಂಡು ಎಡಕ್ ತಿರುಗ್ಸೋ. ನಿಮ್ಮಮ್ಮನ ಕೈಯೂ ಇಲ್ಲೇ ಬೆಂದಿದ್ದು, ಮರ್ತೋಯ್ತಾ?”

“ಎಡಕ್ಕೆ ಮಸೀದಿ ಅಲ್ವಾ? ಗುಜರಿ ಬಲಕ್ಕೆ.”

“ಇವತ್ತು ಗುಜರಿ ಅಲ್ಲೇ ಕಣಪ್ಪ.” ಅಮ್ಮಾಜಮ್ಮ ಕಿಟಕಿಯಿಂದ ಮುಬೀನ್‌ಳತ್ತ ತಲೆ ಹೊರಹಾಕಿದಳು. “ಅಲ್ಲಮ್ಮ, ಸೀದಾ ಸ್ಟೇಷನ್ನಿಗೇ ಹೋಗಣ್ವಾ?”

“ಫೋನ್ ಮಾಡಿದೀನಿ, ಅವರೇ ಬರ್ಲಿ. ಸ್ಟವ್ ಅಂತ ಬರ್ಕೊಂಡಿದ್ದೂ ಅವರೇ,” ಎಂದಳು ಮುಬೀನ್. “ಮೊದಲು ಊರು ನೋಡ್ಲಿ.”

ಮಸೀದಿ ಗೇಟಿನಲ್ಲಿ ಹೆಂಗಸರೆಲ್ಲ ಸೇರಿ ನೂಕಿದರು. ಹೊಟ್ಟೆ ಸೀಳಿದ ಬಾಯ್ಲರ್ ದಬ್ಬೆಂದು ಬಿದ್ದು, ಉರುಳಿ, ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ನಿಂತಿತು. ಒಳಗೆ ನಮಾಜು ಮುಗಿಯಿತು.

ಮಸೀದಿಯಿಂದ ಮೊದಲು ಹೊರಬರುವವರು ಕೊನೆಯ ಸಾಲಿನವರು. ಇನಾಯತ್‌ನ ಜೊತೆ ದುಡಿದವರು, ಹುಳದ ನಾತದವರು. ಒಬ್ಬ ಬಗ್ಗಿ ವಾಲ್ವಿಗೆ ಬಿಗಿದಿದ್ದ ತಂತಿಯನ್ನು ಬೆರಳಿನಿಂದ ಮುಟ್ಟಿದ. ಇನ್ನೊಬ್ಬನಿಗೆ ತೋರಿಸಿದ. ಯಾರೂ ಮನೆಗೆ ಹೋಗಲಿಲ್ಲ. ಮೆಟ್ಟಿಲಿಗೆ ಎದುರಾಗಿ, ಹೆಗಲಿಗೆ ಹೆಗಲು ತಾಗಿಸಿ ನಿಂತರು.

ಕೊನೆಗೆ ಮೊದಲ ಸಾಲು ಹೊರಬಂತು. ಹಾಜಿಗಳು ಮೆಟ್ಟಿಲಿಳಿದು ಬಾಯ್ಲರ್ ನೋಡಿದರು. ಅದರಡಿಗೆ ಅವರ ಕಂದು ಚಪ್ಪಲಿಯ ತುದಿ ಕಾಣುತ್ತಿತ್ತು.

“ಯಾವ ನನ್ಮಗ ಇದನ್ನ ಇಲ್ಲಿಗೆ ತಂದಿದ್ದು? ಎತ್ರೋ ಅದನ್ನ.”

ಒಬ್ಬರೂ ಮಿಸುಕಲಿಲ್ಲ. ಮಟಮಟ ಮಧ್ಯಾಹ್ನ. ಕಾದ ಸಿಮೆಂಟಿನ ಮೇಲೆ ಹಾಜಿಗಳು ಒಂದು ಕಾಲೆತ್ತಿ ಇನ್ನೊಂದು ಇಟ್ಟರು, ಅದನ್ನೆತ್ತಿ ಇದನ್ನಿಟ್ಟರು.

“ದಾರಿ ಬಿಡ್ರೋ. ಕಾಲು ಸುಡ್ತದೆ.”

“ಸಬ್ರ್ ಮಾಡಿ ಹಾಜಿಸಾಬ್,” ಎಂದಳು ಮುಬೀನ್. “ಇಷ್ಟು ಬಿಸಿಗೆ ಯಾರೂ ಸಾಯಲ್ಲ.”

ಬಾಯ್ಲರ್‌ನ ಸೀಳಿನಿಂದ ಹಳೆಯ ನೀರು ಹನಿಯುತ್ತಿತ್ತು. ಸಾಲಿನಲ್ಲಿ ಯಾರೂ ಜಾಗ ಬಿಡಲಿಲ್ಲ.