ಹಳೇ ಹೊಲಿಗೆಯ ಎಡಗಡೆ

ಯುದ್ಧ ನಡೆದಿದ್ದ ವರ್ಷ ಅದು. ರತ್ನವ್ವನ ಹೊಟ್ಟೆ ನೀರು ತುಂಬಿ ಕೊಡದಂತಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದುರ್ಗದಬೈಲಿನ ಅರಳೆ ವ್ಯಾಪಾರಿ ಗಿರಿಯಪ್ಪ ಹೆಂಡತಿಯನ್ನು ಟಾಂಗಾದಲ್ಲಿ ಹೆಂಗಸರ ದವಾಖಾನೆಗೆ ಕರಕೊಂಡು ಬಂದ. ಸಂಗಡ ದಾನವ್ವನೂ ಬಂದಳು. ದಾನವ್ವ ರತ್ನವ್ವನ ಒಡಹುಟ್ಟಿದ ತಂಗಿ, ಸವತಿಯೂ ಹೌದು. ಚೊಚ್ಚಲ ಕೂಸು ಅಡ್ಡಾಗಿ, ಹೊಟ್ಟೆ ಕೊಯ್ದು ತೆಗೆದರೂ ಉಳಿಯದೆ, ಆಮೇಲೆ ಬಸಿರೇ ನಿಲ್ಲದಾದಾಗ ರತ್ನವ್ವ ತಾನೇ ತವರಿಗೆ ಹೋಗಿ, ಅಪ್ಪನ ಕಾಲು ಹಿಡಿದು, ತಂಗಿಯನ್ನು ಗಂಡನಿಗೆ ತಂದುಕೊಂಡಿದ್ದಳು.

"ಮೊದಲ ಒಂದಕ್ಕ ಹೋಗಿ ಬಾ ಎವ್ವಾ," ಅಂದಳು ನರ್ಸ್ ಬೀರವ್ವ. "ಉಚ್ಚಿ ಚೀಲ ತುಂಬಿದ್ರ ಸೂಜಿ ಅದಕ್ಕ ನಟ್ಟೀತು. ನಾಚಿಕಿ ಮನ್ಯಾಗ ಬಿಟ್ಟು ಬರಬೇಕಿಲ್ಲೊ?"

ಡಾಕ್ಟರ್ ಮಂದಾಕಿನಿಬಾಯಿ ಹೊಟ್ಟೆಯ ನೀರು ತೆಗೆಯುವ ಟೊಳ್ಳು ಸೂಜಿ ಕೈಗೆತ್ತಿಕೊಂಡವರು ಹೊಕ್ಕಳ ಕೆಳಗಿನ ಗಾಯದ ಗುರುತು ನೋಡಿ ಅದನ್ನು ಕೆಳಗಿಟ್ಟರು.

"ಗಿರಿಯಪ್ಪನವರ, ನಾವು ಚುಚ್ಚೋ ಜಾಗಾದಾಗನ ಹಳೇ ಹೊಲಿಗಿ ಅದ. ಅಂಥಲ್ಲಿ ಕರುಳು ಒಳಗಿಂದ ಅಂಟಿರ್ತದ, ಕಾಣಂಗಿಲ್ಲ. ಆಗ ಒಳಗ ಏನೇನ ಮಾಡಿದ್ರು, ಬಿಡದ ಹೇಳ್ರಿ."

"ಕೂಸು ತೆಗೆದ್ರು, ಅಷ್ಟರಿ."

"ಮತ್ತ?"

"ಮತ್ತೇನಿಲ್ರಿ ಬಾಯಾರ."

"ನೀವು ಮುಚ್ಚಿಟ್ರ, ಕರುಳು ತೂತಾಗಿ ಇವರು ಸಾಯ್ತಾರ."

ಗಿರಿಯಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಮತ್ತ ಬಸರಾಗಬಾರದಂತ ನಳಿ ಕಟ್ಟಿದ್ರು ಬಾಯಾರ. ಇನ್ನೊಂದ ಹಡದ್ರ ಉಳಿಯಂಗಿಲ್ಲ ಅಂದ್ರು, ನಾನ ಹೂಂ ಅಂದ್ನಿ. ಆಮ್ಯಾಲೆ ಕೀವೂ ಆಗಿತ್ತು."

ರತ್ನವ್ವನಿಗೆ ತುಸು ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕೂಸಾಗಲೆಂದು ಹಿಡಿದ ಸೋಮವಾರದ ಒಪ್ಪತ್ತು, ಕುಡಿದ ಕಹಿ ಕಷಾಯ, ಓಣಿಯ ಹೆಂಗಸರು ಬಸುರಿ ತಂಗಿಯ ಉಡಿ ತುಂಬುವಾಗ ತಾನು ಅಡುಗೆಮನೆಯಲ್ಲಿ ನಿಂತದ್ದು, ಎಲ್ಲವನ್ನೂ ಈ ಮನುಷ್ಯ ಕಣ್ಣಾರೆ ಕಂಡಿದ್ದ. ಒಪ್ಪತ್ತಿಗೆ ಬಾಳೆಹಣ್ಣನ್ನೂ ತಾನೇ ತಂದುಕೊಡುತ್ತಿದ್ದ.

"ನಿನ್ನ ಜೀಂವಾ ಉಳೀಲಂತ..."

"ಉಳಿಸಿದ್ದು ಛಲೋ ಆತು. ಹೇಳಾಕೇನಾಗಿತ್ತು?"

"ಹೇಳಿದ್ರ ತಪ್ಪು ನಂದಾಗ್ತಿತ್ತು, ಆಗ ನೀ ತಂಗೀನ ತರ್ತಿದ್ದೇನು?"

ರತ್ನವ್ವ ತಂಗಿಯ ಕಡೆ ತಿರುಗಿದಳು. ದಾನವ್ವ ಬೆಚ್ಚಿರಲಿಲ್ಲ, ನೆಲ ನೋಡುತ್ತಿದ್ದಳು.

"ನಿನಗೂ ಗೊತ್ತಿತ್ತೇನ ದಾನಿ?"

"ಲಗ್ನ ಆದಮ್ಯಾಲೆ ಹೇಳಿದ್ರಕ್ಕಾ. ನಿನಗ ತಿಳಿದ್ರ ನನ್ನ ಹೊರಗ ಹಾಕ್ತಿ ಅಂದ್ರು."

ಮಂದಾಕಿನಿಬಾಯಿ ಹೊಲಿಗೆಯಿಂದ ದೂರ, ಹೊಟ್ಟೆಯ ಎಡಗಡೆ ಕೆಳಬದಿಯಲ್ಲಿ ಬೆರಳು ಬಡಿದು ನೋಡಿದರು. ನೀರಿನ ಮೊದ್ದು ಸದ್ದು ಖಾತ್ರಿಯಾಗುವತನಕ ಬಡಿದರು. "ಇಲ್ಲಿ ಹಾಕ್ತೀನಿ. ಮಿಸುಕಬಾರದು. ಯಾರರ ಇವರ ಕೈ ಹಿಡ್ಕೊಳ್ರಿ."

ದಾನವ್ವ ಕೈ ಚಾಚಿದಳು. ರತ್ನವ್ವ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಬ್ಬರನ್ನೂ ಹೊರಗ ಕಳಿಸ್ರಿ ಬಾಯಾರ. ಬೀರವ್ವ ಹಿಡೀಲಿ."

ಬಾಗಿಲು ಮುಚ್ಚಿತು. ಸೂಜಿ ಮೆಲ್ಲಗೆ ಇಳಿಯಿತು. ಬೋಗುಣಿಗೆ ತಿಳಿ ನೀರು ಸುರಿಯತೊಡಗಿತು. ಎಷ್ಟೋ ದಿನಗಳ ಮೇಲೆ ರತ್ನವ್ವನಿಗೆ ಎದೆ ತುಂಬ ಉಸಿರು ಬಂತು.

"ಇಲ್ಲೇ ಒಂದೆಂಟ ದಿನಾ ಇರಬೇಕಾಗ್ತೈತೆವ್ವಾ," ಅಂದಳು ಬೀರವ್ವ. "ತವರಿಗೆ ಹೇಳಿ ಕಳಿಸ್ಲೇನು?"

ಹೂಂ ಅನ್ನಲು ರತ್ನವ್ವ ಬಾಯಿ ತೆರೆದಳು. ಅದು ದಾನವ್ವನ ತವರೂ ಹೌದು.

"ಬ್ಯಾಡ," ಅಂದಳು.