ಖಾಲಿ ಕೋಣೆಯ ಸದ್ದು

"ನಗು ಬರಲಿಲ್ಲ ಅಣ್ಣಾ," ಎಂದ ಗಾಜಿನಾಚೆ ಕುಳಿತಿದ್ದ ರೆಕಾರ್ಡಿಂಗಿನವ. "ಕೆಮ್ಮಿದ ಹಾಗೆ ಕೇಳಿಸ್ತು. ಇನ್ನೊಂದ್ಸಲ ನೋಡೋಣ್ವಾ?"

ಮೈಕಿನ ಮುಂದಿದ್ದವನು ತಲೆಯಾಡಿಸಿದ. ಸದ್ದಾಗುತ್ತದೆಂದು ಫ್ಯಾನು, ಏಸಿ ಎಲ್ಲ ಆರಿಸಿದ್ದರಿಂದ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದುರಿಗೆ ಕುಳಿತವಳು ಬೇರೆ ದಿನವಾಗಿದ್ದರೆ ತಾನೇ ಮೊದಲು ತಪ್ಪು ಹಿಡಿಯುತ್ತಿದ್ದಳು. ಇವತ್ತು ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ ಸುಮ್ಮನೆ ಅವನ ಕಡೆ ತಳ್ಳಿದಳು.

ಅವರು ಓದುತ್ತಿದ್ದದ್ದು ಒಂದು ಹಗುರ ಪ್ರೇಮ ಕಾದಂಬರಿ. ಬಸ್ಸಿನಲ್ಲಿ, ಅಡುಗೆ ಮಾಡುತ್ತ ಕಿವಿಗೆ ಹಾಕಿಕೊಂಡು ಕೇಳುವವರಿಗಾಗಿ. ಗಡಿಯಾರ ರಿಪೇರಿ ಮಾಡುವ ಹುಡುಗಿ, ಹುಟ್ಟಿದ ಮೇಲೆ ಒಂದು ರೈಲನ್ನೂ ಸಮಯಕ್ಕೆ ಹಿಡಿಯದ ಹುಡುಗ. ಇಬ್ಬರೂ ಜಗಳವಾಡುತ್ತ ಆಡುತ್ತ ಪ್ರೀತಿಗೆ ಬೀಳುತ್ತಾರೆ. ಹೆಣ್ಣಿನ ಮಾತೆಲ್ಲ ಅವಳದು, ಗಂಡಿನ ಮಾತೆಲ್ಲ ಅವನದು. ಈಗ ಉಳಿದಿದ್ದು ಕೊನೆಯ ಪುಟ ಮಾತ್ರ. ಹುಡುಗ ಮೊದಲ ಸಲ ಬೇಗ ಬಂದಿದ್ದಾನೆ, ಹುಡುಗಿ ಮೊದಲ ಸಲ ತಡಮಾಡಿದ್ದಾಳೆ, ರೈಲು ಹೋಗಿಬಿಟ್ಟಿದೆ. ಅವಳು ಏದುಸಿರು ಬಿಡುತ್ತ ಬಂದು ನಿಂತಾಗ ಅವನು ಹೊಟ್ಟೆ ಹುಣ್ಣಾಗುವಂತೆ ನಗಬೇಕು.

ಪುಸ್ತಕದ ಹೊರಗೆ ಈ ಓದುವವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅವಳು ಹೇಳಿದ ಹೊತ್ತಿಗಿಂತ ಮುಂಚೆ ಬಂದು, ಸೀರೆಯ ಸರಬರ ಮೈಕಿಗೆ ಕೇಳಿಸಬಾರದೆಂದು ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯನ್ನೇ ಉಟ್ಟು, ಪೆನ್ಸಿಲ್ ಹಿಡಿದು ಕೂರುವವಳು. ಅವನು ಎಲ್ಲರೂ ಬಂದಾದ ಮೇಲೆ ಬಾಯಲ್ಲಿ ಪೆಪ್ಪರ್‌ಮೆಂಟು ಹೊರಳಿಸುತ್ತ ಬಂದು, ಪುಸ್ತಕದಲ್ಲಿಲ್ಲದ ಎರಡು ಮಾತು ಸೇರಿಸಿ ಓದುವವನು. ಅವಳಿಗೆ 'ಟೀಚರ್' ಎಂದು ಹೆಸರಿಟ್ಟವನು ಅವನೇ. ಒಂದು ಅಲ್ಪವಿರಾಮ ಬಿಟ್ಟರೂ ಅವಳು ನಿಲ್ಲಿಸಿ ಇನ್ನೊಮ್ಮೆ ಓದಿಸುತ್ತಿದ್ದಳು.

ಅವನ ಗಂಟಲಲ್ಲಿ ಏನೋ ಸರಿಯಿಲ್ಲವೆಂದು ಪತ್ತೆ ಹಚ್ಚಿದವಳೂ ಅವಳೇ. ಕಾಳಜಿಯಿಂದಲ್ಲ, ಸಿಟ್ಟಿನಿಂದ. ಮಾತಿನ ಕೊನೆಯಲ್ಲಿ ಮರಳು ಜಗಿದಂಥ ಸದ್ದು ಬರುತ್ತಿತ್ತು. ನೆಗಡಿಯಾಗಿದ್ದರೆ ಅಷ್ಟು ಹೊತ್ತಿಗೆ ಹೋಗಬೇಕಿತ್ತು. ಡಾಕ್ಟರಿಗೆ ತೋರಿಸದೆ ಈ ಕೋಣೆಗೆ ಕಾಲಿಡಬೇಡಿ ಎಂದು ಎಲ್ಲರೆದುರಿಗೇ ಗದರಿದ್ದಳು. ಅವಳ ಬಾಯಿ ಮುಚ್ಚಿಸಲೆಂದು ಅವನು ಹೋದ. ಹೋಗಿ ಬಂದವನು ಪೆಪ್ಪರ್‌ಮೆಂಟಿನ ಪೊಟ್ಟಣ ಅವಳ ಮುಂದಿಟ್ಟು, ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ ಎಂದು ಪೇಟೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಟೀಚರ್, ಇನ್ನು ಮುಂದೆ ನಾನು ಸಾಹುಕಾರ ಎಂದು ನಕ್ಕ. ಯಾರೂ ನಗಲಿಲ್ಲ.

ಇವತ್ತು ಸಂಜೆ ಅವನು ಆಸ್ಪತ್ರೆಗೆ ಸೇರಬೇಕು. ನಾಳೆ ಬೆಳಿಗ್ಗೆ ಆಪರೇಷನ್. ಆಮೇಲೆ ಅವನು ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡಬೇಕು, ಮಾತು ಇರುವುದಿಲ್ಲ. ಉಳಿದ ಪುಟಗಳನ್ನು ಕಂಪ್ಯೂಟರಿಗೆ ಅವನ ದನಿ ಕಲಿಸಿ ಮುಗಿಸಬಹುದೆಂದು ಕಂಪನಿಯವರು ಹೇಳಿದ್ದರು. ಅವನು ಒಪ್ಪಲಿಲ್ಲ. ತಲೆಯ ಮೇಲೆ ತಲೆ ಬಿದ್ದರೂ ತಾನೇ ಮುಗಿಸುತ್ತೇನೆಂದು ಕೂತಿದ್ದ.

ಅವಳಿಗೆ ಮುಗಿಸಬೇಕಾದ್ದು ಬೇರೆ ಇತ್ತು. ಅವನ ತಡವನ್ನು ಬೈಯುತ್ತ ಬೈಯುತ್ತಲೇ ಅವನ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ಕೂರುವುದು ಯಾವಾಗ ಶುರುವಾಯಿತೋ ಅವಳಿಗೆ ಗೊತ್ತಿಲ್ಲ. ಕೂದಲು ನರೆತ ಮೇಲೆ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡಿದ್ದಳು. ಈಗ ನಾಚಿಕೆಗೂ ಪುರುಸೊತ್ತಿರಲಿಲ್ಲ. ತಾನು ಕೇಳಬೇಕು, ಅವನು ಅವನದೇ ದನಿಯಲ್ಲಿ ಉತ್ತರ ಹೇಳಬೇಕು. ನಾಳೆ ಕೇಳಿದರೆ ಅವನು ಚೀಟಿಯಲ್ಲಿ ಬರೆದು ತೋರಿಸಬೇಕಾಗುತ್ತದೆ.

ಬಾಗಿಲ ಬಳಿ ಅವನ ಚೀಲವಿತ್ತು. ಒಂದು ಜೊತೆ ಬಟ್ಟೆ, ಟವೆಲು, ಹೊಸ ಹಲ್ಲುಜ್ಜುವ ಬ್ರಷ್ಷು ಮೇಲೆಯೇ ಕಾಣುತ್ತಿದ್ದವು. ಅವನ ಜೊತೆಗೆ ಯಾರು ಹೋಗುತ್ತಾರೆಂದು ರೆಕಾರ್ಡಿಂಗಿನವ ಬೆಳಿಗ್ಗೆ ಕೇಳಿದಾಗ ಅವನು ಚೀಲವನ್ನೇ ತೋರಿಸಿದ್ದ.

ಕೆಂಪು ದೀಪ ಹತ್ತಿತು. ಅವಳು ಪುಟ ನೋಡಿಕೊಂಡು ಓದಿದಳು.

"ನನ್ನ ಗಡಿಯಾರ ನಿಂತುಹೋಗಿತ್ತು ಕಣೋ."

ಅವನು ನಗಲು ಬಾಯಿ ತೆರೆದ. ಗಾಳಿ ಮಾತ್ರ ಬಂತು. ಕಣ್ಣು ಮುಚ್ಚಿ ಮತ್ತೆ ಯತ್ನಿಸಿದ. ಹಿಂದೆ ಈ ಕೋಣೆಯ ಗೋಡೆಗೆ ಬಡಿದ ದಪ್ಪ ಪರದೆಯಿಂದಾಚೆಗೂ ಕೇಳಿಸುತ್ತಿದ್ದ ನಗು ಅದು. ಕತ್ತಿನ ನರಗಳು ಎದ್ದು ನಿಂತವು, ದನಿ ಏಳಲಿಲ್ಲ. ಅವನು ಮೊದಲ ಸಲ ಹೆದರಿದ್ದು ಅವಳಿಗೆ ಕಾಣಿಸಿತು. ರೆಕಾರ್ಡಿಂಗಿನವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವಳ ಮುಖ ನೋಡಿದ.

ಅವಳು ಪುಟದಿಂದ ತಲೆಯೆತ್ತಿದಳು. ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ಆಸ್ಪತ್ರೆಗೆ ನಾನೂ ಬರಲಾ?"

ಅವನು ಪುಟದ ಮೇಲೆ ಬೆರಳೋಡಿಸಿ ಸಾಲು ಹುಡುಕಿದ. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದ.

"ಇದು ಪುಸ್ತಕದಲ್ಲಿಲ್ಲ, ಟೀಚರ್."

"ಇಲ್ಲ," ಎಂದಳು. "ಇವತ್ತಿಗೆ ಮಾತ್ರ ಅಲ್ಲ ಕೇಳಿದ್ದು. ಆಮೇಲೂ."

ಅವನು ಅವಳನ್ನು ನೋಡಿದ. ಅಲ್ಪವಿರಾಮಕ್ಕೆ ಜಗಳ ತೆಗೆದವಳು ಇಡೀ ಸಾಲನ್ನೇ ಸೇರಿಸಿ ಕೂತಿದ್ದಳು. ಅವನ ಎದೆಯಲ್ಲಿ ಏನೋ ಗೊರಗೊರ ಎಂದಿತು, ಭುಜ ಕುಲುಕಿತು, ಆಮೇಲೆ ಅದು ಹೊರಗೆ ಬಂತು. ಸೀಳಿದ, ಒರಟಾದ, ಎಲ್ಲೆಲ್ಲೋ ಕಡಿದುಹೋಗುವ ನಗು, ಆದರೂ ನಗುವೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದು ಬರೀ ನಗುವಿನ ನೀರಾಗಿರಲಿಲ್ಲ.

"ಬನ್ನಿ," ಎಂದ, ಒಂದೊಂದೇ ಮಾತು ಎತ್ತಿಡುತ್ತ. "ಆದ್ರೆ ಮುಂದೆ ಜಗಳ ಆಡೋದು ಕಷ್ಟ. ಎರಡೂ ಕಡೆಯ ಮಾತು ನೀವೇ ಆಡ್ಬೇಕಾಗುತ್ತೆ."

"ಆಡ್ತೀನಿ."

ರೆಕಾರ್ಡಿಂಗಿನವ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ನಗು ಸಿಕ್ಕಿತು ಎಂದಷ್ಟೇ ಹೇಳಿದ. ಉಳಿದ ನಾಲ್ಕಾರು ಸಾಲನ್ನು ಅವನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ, ಅಲ್ಪವಿರಾಮಗಳ ಸಮೇತ ಓದಿ ಮುಗಿಸಿದ. ಅಷ್ಟರಲ್ಲಿ ದನಿ ಪಿಸುಮಾತಿಗೆ ಇಳಿದಿತ್ತು.

ಇನ್ನು ಖಾಲಿ ಕೋಣೆಯ ಸದ್ದು ಹಿಡಿಯುವುದು ಬಾಕಿ. ಪ್ರತಿ ಪುಸ್ತಕ ಮುಗಿದ ಮೇಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಮೌನವನ್ನು ರೆಕಾರ್ಡು ಮಾಡಿಕೊಳ್ಳುತ್ತಾರೆ. ಕೆಮ್ಮು, ತಪ್ಪು ಕತ್ತರಿಸಿದ ಕಡೆಯಲ್ಲೆಲ್ಲ ಅದರದೇ ತುಂಡುಗಳನ್ನು ಕೂರಿಸುತ್ತಾರೆ. ಇಲ್ಲದಿದ್ದರೆ ಮಾತಿನ ನಡುವೆ ಹಳ್ಳ ಬಿದ್ದಂತೆ ಕೇಳಿಸುತ್ತದೆ.

"ಅಣ್ಣಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ," ಎಂದ ರೆಕಾರ್ಡಿಂಗಿನವ ಸಂಕೋಚದಿಂದ. "ನಿಮ್ಮ ಉಸಿರು ಸುಯ್ ಅಂತ ಬರ್ತಿದೆ."

ಅವನು ಏಳಲು ಕುರ್ಚಿಯ ತೋಳು ಹಿಡಿದ. ಅವಳು ಅವನ ಮುಂಗೈ ಮೇಲೆ ಕೈಯಿಟ್ಟಳು.

"ಅವರು ಇಲ್ಲೇ ಇರ್ತಾರೆ."

"ಮೇಡಂ, ಆ ಉಸಿರು ಪುಸ್ತಕದುದ್ದಕ್ಕೂ ಕೇಳಿಸುತ್ತೆ."

"ಕೇಳಿಸ್ಲಿ."

ಕೆಂಪು ದೀಪ ಹತ್ತಿತು. ಅವಳು ಕೈ ತೆಗೆಯದೆ, ಅಲುಗಾಡದೆ ಕುಳಿತಳು. ಅವಳ ಕಿವಿಯ ಮೇಲಿದ್ದ ಹೆಡ್‌ಫೋನಿನಲ್ಲಿ ಅವನ ಉಸಿರು ಗಂಟಲಿನಿಂದ ಹೋಗುತ್ತಿತ್ತು, ಬರುತ್ತಿತ್ತು. ನಿಮಿಷ ಕಳೆಯಿತು. ಗಾಜಿನಾಚೆ ರೆಕಾರ್ಡಿಂಗಿನವ ಗಡಿಯಾರ ನೋಡಿದ, ನಿಲ್ಲಿಸುವ ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.